ಒಡತಿಯ ಹಂಚು

ಗಂಡ ತೀರಿಕೊಂಡ ಮೇಲೆ ಹೊಳನಗದ್ದೆಯ ಲಕ್ಕಿಯ ಮನೆಗೆ ಅಕ್ಕಿ ಬರುತ್ತಿದ್ದುದು ಎರಡು ಕಡೆಯಿಂದ. ಒಂದು ನ್ಯಾಯಬೆಲೆ ಅಂಗಡಿ, ಇನ್ನೊಂದು ದೊಡ್ಡಮನೆಯ ಮಾಲತಿಯಮ್ಮ. ಅಂಗಡಿಯವನಿಗೆ ಅವಳ ಹೆಬ್ಬೆಟ್ಟು ಸಾಕಿತ್ತು. ದೊಡ್ಡಮನೆಗೆ ಹೆಬ್ಬೆಟ್ಟು ಬೇಡ. ಆದರೆ ಬೆಳಿಗ್ಗೆ ಅವರ ಅಂಗಳ ಗುಡಿಸಿಯೇ ಲಕ್ಕಿ ತನ್ನ ತರಕಾರಿ ಬುಟ್ಟಿ ಹೊತ್ತು ಕುಮಟಾ ಪೇಟೆಗೆ ಹೋಗುವಳು. ನಾಟಿಗೆ ಮೊದಲು ಅವರ ಗದ್ದೆಗೇ ಇಳಿಯುವಳು. ಅವರ ಮನೆಯ ಮದುವೆಗೆ ಹಾಡಲು ಕೇರಿಯ ಹೆಂಗಸರನ್ನು ಕರೆದೊಯ್ಯುವಳು. ಇದನ್ನೆಲ್ಲ ಮಾಡೆಂದು ಯಾರೂ ಹೇಳಿರಲಿಲ್ಲ.

ಮಾಲತಿಯಮ್ಮ ಕೆಟ್ಟವರಲ್ಲ. ಯಾರಿಗಾದರೂ ಜ್ವರ ಬಂದರೆ ತಾವೇ ಗಂಜಿ ಹಿಡಿದು ಬರುವವರು. ಕೊಡುವಾಗ ನಾಲ್ಕು ಮಂದಿಗೆ ಕೇಳುವಂತೆ ಕೊಡುವುದು ಮಾತ್ರ ಅವರ ಅಭ್ಯಾಸ.

ಮಳೆಗಾಲ ಹಿಡಿದ ಹೊಸತರಲ್ಲಿ ಗಾಳಿಗೆ ತೆಂಗಿನ ಮರವೊಂದು ಲಕ್ಕಿಯ ಮನೆಯ ಮೇಲೆ ಬಿತ್ತು. ಮೇಲಿನ ಮಾಡು ಅರ್ಧ ಕುಸಿದು, ಹಿಂದಿನ ಮಣ್ಣಿನ ಗೋಡೆ ಮೇಲಿಂದ ಕೆಳಗಿನವರೆಗೆ ಬಿರಿಯಿತು. ಮನೆಯೊಳಗೆ ಸೊಸೆ ರಂಜಿತಾ, ಎಳೆಗೂಸು. ಮರುದಿನ ಬೆಳಿಗ್ಗೆ ಲಕ್ಕಿ, ಹೊನ್ನಾವರದಲ್ಲಿ ಗೂಡ್ಸ್ ರಿಕ್ಷಾ ಓಡಿಸುವ ಮಗ ಉಮೇಶನೊಂದಿಗೆ ತಾಲೂಕು ಕಚೇರಿಗೆ ಹೋದಳು. ಮನೆ ಕಟ್ಟಿಕೊಳ್ಳುವಷ್ಟು ಪರಿಹಾರ ಸಿಗಬಹುದು, ಆದರೆ ನಮ್ಮವರು ಬಂದು ನೋಡುವ ತನಕ ಏನನ್ನೂ ಮುಟ್ಟಬೇಡಿ ಎಂದರು ಅಲ್ಲಿ.

ಮಧ್ಯಾಹ್ನ ಮರಳಿ ಬಂದರೆ ಮನೆಗೆ ಮಾಡು ಬಂದಿತ್ತು. ದೊಡ್ಡಮನೆಯ ಕೊಟ್ಟಿಗೆಯ ಹಿಂದೆ ಪೇರಿಸಿಟ್ಟಿದ್ದ ಹಂಚನ್ನು ಬಡಗಿ ಅಣ್ಣಪ್ಪ, ಬಿದ್ದ ಮರ ಕಡಿದು ಸಾಗಿಸಿ, ಸಾಲಾಗಿ ಹೊದಿಸಿದ್ದ. ಗೋಡೆಯ ಬಿರುಕಿಗೆ ಮಣ್ಣು ಮೆತ್ತಿದ್ದ. ಮಾಲತಿಯಮ್ಮ ಕೊಡೆ ಹಿಡಿದು ಅಂಗಳದಲ್ಲಿ ನಿಂತಿದ್ದರು.

"ಎಂತ ಲಕ್ಕಿ, ಮಾತೇ ಇಲ್ಲ? ಬಾಣಂತಿ ಮಳೆಯಲ್ಲಿ ನೆನೀಬೇಕಾ? ನಾನಿದ್ದೇನಲ್ಲ."

ಕೇರಿಯವರೆಲ್ಲ ಅಲ್ಲಿದ್ದರು. ಲಕ್ಕಿ ಕೈ ಮುಗಿದಳು. ಒಳಗೆ ಹೋಗಿ ಹಿಂದಿನ ಗೋಡೆಗೆ ಅಂಗೈ ಒತ್ತಿ ನೋಡಿದಳು. ಹಸಿಮಣ್ಣಿನ ಅಡಿಯಲ್ಲಿ ಗೋಡೆ ಅಲುಗಿತು. ಸೊಸೆ, ಮಗುವನ್ನು ಅಂದೇ ಉಮೇಶನ ಜೊತೆ ತವರಿಗೆ ಕಳಿಸಿದಳು.

ಮರುದಿನ ಗುಡಿಸುವುದಕ್ಕೆಂದು ಹೋದವಳು ಹಿಡಿಸೂಡಿಯನ್ನು ಮುಟ್ಟದೆ ಜಗಲಿಯ ಕೆಳಗೆ ನಿಂತಳು.

"ಒಡತೀ, ಹಂಚು ಇಳಿಸ್ಬೇಕು."

"ಸೋರ್ತದಾ?"

"ಸೋರೂದಿಲ್ಲ. ಗೋಡೆ ಆ ಭಾರ ತಡೆಯೂದಿಲ್ಲ. ಹಂಚು ಇದ್ರೆ ನೋಡೂಕೆ ಬಂದವ್ರಿಗೆ ಮನೆ ಗಟ್ಟಿ ಕಾಣ್ತದೆ. ಮನೆ ಕಟ್ಟೂಕೆ ಸಿಗೂದು ತಪ್ತದೆ."

"ಸರ್ಕಾರದ ದುಡ್ಡು ಬರೂದರೊಳಗೆ ನಿನ್ನ ಮೊಮ್ಮಗನಿಗೆ ಮೀಸೆ ಬರ್ತದೆ," ಎಂದರು ಮಾಲತಿಯಮ್ಮ. "ಅಲ್ಲ, ಸರಿ ಮಾಡಿದ್ದನ್ನ ಕೆಡವಿ ತೋರಿಸೂದು ಮೋಸ ಅಲ್ವಾ?"

"ಮರ ಬಿದ್ದದ್ದು ಸುಳ್ಳಾ, ಒಡತೀ?"

ಮಾಲತಿಯಮ್ಮನ ಮುಖ ಬಿಗಿಯಿತು. "ಉಪಕಾರ ಮಾಡೂಕೇ ಆಗೂದಿಲ್ಲ ಈಗಿನ ಕಾಲದಲ್ಲಿ. ನಾನೆಂತ ಕೇಳಿದ್ದೇನೆ ನಿನ್ನ ಹತ್ರ, ಇಷ್ಟು ವರ್ಷ?"

"ನೀವು ಕೇಳಲಿಲ್ಲ. ಗುಡಿಸಿದ್ದನ್ನ ನಾನೂ ಎತ್ತಿ ಹೇಳಲಿಲ್ಲ."

ಹೀಗೆ ಹೇಳಬೇಕೆಂದು ಲಕ್ಕಿ ಬಂದಿರಲಿಲ್ಲ. ಮಾತು ಹೊರಟುಹೋಗಿತ್ತು. ಸಂಜೆ ತಾನೂ ಉಮೇಶನೂ ಸೇರಿ ಹಂಚು ಇಳಿಸಿ, ಒಂದೂ ಒಡೆಯದಂತೆ ರಿಕ್ಷಾದಲ್ಲಿ ತುಂಬಿ ಕೊಟ್ಟಿಗೆಯ ಹಿಂದೆ ಪೇರಿಸಿ ಬಂದರು. ಮನೆಗೆ ಪ್ಲಾಸ್ಟಿಕ್ ಹೊದಿಸಿದರು. ಕೊಬ್ಬು ಬಂದಿದೆ ಎಂದಿತು ಕೇರಿ.

ಗ್ರಾಮ ಲೆಕ್ಕಿಗ ಬಂದದ್ದು ಮತ್ತೆ ನಾಲ್ಕಾರು ದಿನ ಬಿಟ್ಟು. ಅಷ್ಟರಲ್ಲಿ ಮೆತ್ತಿದ ಮಣ್ಣೆಲ್ಲ ಮಳೆಗೆ ಕರಗಿ ಬಿರುಕು ಬಾಯಿ ತೆರೆದಿತ್ತು. ಅವನು ಫೋಟೋ ತೆಗೆಯಲು ಮೊಬೈಲು ಎತ್ತಿದವನು ಹಾಗೇ ಇಳಿಸಿದ.

"ಮಾಡು ಸರಿಯಾಗಿತ್ತಂತಲ್ಲ. ನೀವೇ ತೆಗೆಸಿದ್ದು ಅಂತಾರೆ?"

ಲಕ್ಕಿ ಆದದ್ದನ್ನು ಆದ ಹಾಗೆ ಹೇಳಿದಳು.

"ಮರ ಬಿದ್ದೇ ಹಾಳಾದದ್ದು ಅನ್ನೂಕೆ ಸಾಕ್ಷಿ ಯಾರು? ಇಲ್ಲದಿದ್ರೆ ನಾನು ಬರೀಲಿಕ್ಕೆ ಆಗೂದಿಲ್ಲ, ಅಮ್ಮ."

ನೆರೆಯವರು ನೆಲ ನೋಡಿದರು. ಎಲ್ಲರಿಗೂ ದೊಡ್ಡಮನೆಯ ಅಕ್ಕಿಯ ಋಣವಿತ್ತು. ಅಣ್ಣಪ್ಪನಿಗೆ ಅಲ್ಲಿ ಇನ್ನೂ ಕೆಲಸವಿತ್ತು. ಲಕ್ಕಿ ಉಮೇಶನಿಗೆ, "ಒಡತೀನೇ ಕರ್ಕಂಡು ಬಾ," ಎಂದಳು. "ಬರದಿದ್ರೆ ಇಲ್ಲ."

ಮಾಲತಿಯಮ್ಮ ಬಂದರು. ಲಕ್ಕಿಯತ್ತ ನೋಡಲಿಲ್ಲ.

"ಹಂಚು ನನ್ನದು. ಇವಳು ಮನೇಲಿಲ್ಲದಾಗ ಕೇಳದೆ ಹೊದಿಸಿದ್ದು ನಾನು. ಮರ ಬಿದ್ದ ಮರುದಿನ ಬೆಳಿಗ್ಗೆ ಈ ಗೋಡೆ ಹೀಗೇ ಇತ್ತು, ನಾನೇ ನೋಡಿದ್ದೇನೆ. ಎಲ್ಲಿ ಸಹಿ ಹಾಕಬೇಕು?"

ಸಹಿ ಹಾಕಿ, ಕೊಡೆ ಬಿಡಿಸಿಕೊಂಡು, ಹೊರಡುವ ಮೊದಲು ಹೇಳಿದರು: "ನಾಳೆಯಿಂದ ಗುಡಿಸೂಕೆ ಬರೂದು ಬೇಡ. ಕೇರಿಯ ಮಂಗಲಾಗೆ ಹೇಳಿದ್ದೇನೆ, ಸಂಬಳಕ್ಕೆ."

"ಆತು," ಎಂದಳು ಲಕ್ಕಿ. ಒಡತಿ ಹಾಗೆ ಅಂದದ್ದು ಸಿಟ್ಟಿಗೋ ಇನ್ನೇತಕ್ಕೋ ಅವಳಿಗೆ ತಿಳಿಯಲಿಲ್ಲ.

ಮೊದಲ ಕಂತು ಬಂದದ್ದು ದೀಪಾವಳಿ ಕಳೆದ ಮೇಲೆ. ಹೊಸ ಮನೆಯ ಅಡಿಪಾಯವಾಗಿ ಚಿರೆಕಲ್ಲಿನ ಪಂಚಾಂಗ ಎದ್ದಿತು. ಉಳಿದ ಕಂತಿಗಾಗಿ ಲಕ್ಕಿ ಕುಮಟಾ ಕಚೇರಿಗೆ ಅಲೆದಳು; ಅಲ್ಲಿ ಅವಳಿಗೆ ಕೂರು ಎಂದವರೂ ಇಲ್ಲ, ಋಣ ನೆನಪಿಸಿದವರೂ ಇಲ್ಲ. ಪ್ರತಿ ಹಬ್ಬಕ್ಕೂ ದೊಡ್ಡಮನೆಯಿಂದ ಬರುತ್ತಿದ್ದ ಸೀರೆ ಆ ವರ್ಷ ಬರಲಿಲ್ಲ.

ಒಂದು ಬೆಳಿಗ್ಗೆ ಪೇಟೆಯಲ್ಲಿ ಮಾಲತಿಯಮ್ಮ ಅವಳ ಬುಟ್ಟಿಯ ಮುಂದೆ ನಿಂತರು. ಹರಿವೆ ಸೊಪ್ಪಿನ ಕಟ್ಟನ್ನು ಎತ್ತಿ ತಿರುಗಿಸಿ ನೋಡಿ, "ಹೇಗೆ ಕೊಟ್ಟೆ?" ಎಂದರು. ಅವರ ಮನೆಗೆ ಹರಿವೆ ಇದುವರೆಗೆ ಸುಮ್ಮನೇ ಹೋಗುತ್ತಿತ್ತು. ಲಕ್ಕಿ ಎಲ್ಲರಿಗೂ ಹೇಳುವ ದರವನ್ನೇ ಹೇಳಿದಳು.

"ದರ ಜೋರಾಯ್ತು."

"ಮಳೆ ಜಾಸ್ತಿ ಆಗಿ ಬೆಳೆ ಇಲ್ಲ, ಒಡತೀ. ಬೇಕಾದ್ರೆ ಆಚೆ ಸೊಪ್ಪು ಮಾರೂ ದೇವಿ ಹತ್ರ ಕೇಳಿ ಬನ್ನಿ."

ಮಾಲತಿಯಮ್ಮ ದೇವಿಯ ಹತ್ತಿರ ಹೋಗಿ ಕೇಳಿ, ತಿರುಗಿ ಬಂದು ದುಡ್ಡು ಕೊಟ್ಟು ಎರಡು ಕಟ್ಟು ತೆಗೆದುಕೊಂಡರು.