ಸೈರನ್ ಕೂಗಿದ ಬುಧವಾರ

ಕಿಟಕಿಯ ಒಡೆದ ಗಾಜು ಬದಲಿಸುವಾಗ ಚೌಕಟ್ಟಿನ ಮೂಲೆಯಲ್ಲಿ ಕಂದು ಕಾಗದದ ಒಂದು ಚೂರು ಕಂಡಿತು. ಮೈದಾ ಅಂಟು ಒಣಗಿ ಕಲ್ಲಾಗಿತ್ತು. ಉಗುರಿನಿಂದ ಕೆರೆದೆ, ಬರಲಿಲ್ಲ. ಅರವತ್ತೈದರ ಯುದ್ಧದಲ್ಲಿ, ದೀಪದ ಬೆಳಕು ಹೊರಗೆ ಕಾಣಬಾರದೆಂದು ಎದುರುಮನೆ ಅಕ್ಕ ತಾನೇ ನಿಂತು ಅಂಟಿಸಿದ ಕಾಗದ ಅದು.

ಉರಿಗಾಂನ ನಮ್ಮ ಲೈನು ಮನೆಗಳ ಗಂಡಸರು ಚಿನ್ನದ ಗಣಿಗಿಳಿಯುತ್ತಿದ್ದರು. ಹೆಂಗಸರು ನಾವು ಬಂಗಲೆಗಳಲ್ಲಿ ಪಾತ್ರೆ ತಿಕ್ಕಲು ಹೋಗುತ್ತಿದ್ದೆವು. ಮಕ್ಕಳನ್ನು ಬಿಡಲು ಜಾಗವಿರಲಿಲ್ಲ. ಅಕ್ಕ ಎರಡು ವರ್ಷ ಅವರಿವರ ಕಾಲು ಹಿಡಿದು, ಲೈನಿನ ಕೊನೆಯ ಖಾಲಿ ಕೋಣೆಯನ್ನು ಪಡೆದು ಬಾಲವಾಡಿ ಮಾಡಿದ್ದಳು. ಸಂಬಳವಿಲ್ಲ, ಏನಿಲ್ಲ. ನಮ್ಮ ಮನೆಗಳಿಂದ ಒಂದೊಂದು ಹಿಡಿ ರಾಗಿಹಿಟ್ಟು, ಅವಳ ಗಂಜಿ, ಜೊತೆಗೆ ಅವಳ ಬೈಗುಳ. ನನ್ನ ಮಗಳು ನಡೆಯಲು ಕಲಿತದ್ದು ಅಲ್ಲೇ.

ಯುದ್ಧ ಬಂತು. ವಿಮಾನದಿಂದ ಬಾಂಬು ಬಿದ್ದರೆ ಅಡಗಲು ಲೈನಿನ ಹಿಂದೆ ಗುಂಡಿ ತೋಡಿಸಿದರು. ಪ್ರಥಮ ಚಿಕಿತ್ಸೆಯ ಸಾಮಾನಿಡಲು ಆ ಕೋಣೆ ಬೇಕು ಎಂದರು ಗಣಿ ಆಫೀಸಿನವರು. ಅಕ್ಕ ಬಿಡಲಿಲ್ಲ. ಲೈನಿನ ಹೆಂಗಸರಿಗೆಲ್ಲ ನಾನೇ ಗುಂಡಿಗಿಳಿಯುವ ಕವಾಯತು ಕಲಿಸುತ್ತೇನೆ, ಕೋಣೆ ಮಾತ್ರ ಮುಟ್ಟಬೇಡಿ ಎಂದು ಒಪ್ಪಿಸಿದಳು. ಆಮೇಲೆ ಮನೆಮನೆಗೆ ಬಂದು ಅದೇ ಮಾತು...

“ಸೈರನ್ ಕೂಗ್ತಲೇ ಮಕ್ಕಳನ್ನ ಎತ್ಕೊಂಡು ಗುಂಡಿಗಿಳೀರಿ. ಬುಧವಾರ ಮೂರು ಗಂಟೆಗೆ ಪ್ರಾಕ್ಟೀಸು, ನೆಪ್ಪಿರ್ಲಿ. ಯಾರೂ ಎದುರ್ಕಬ್ಯಾಡ್ರಿ.”

ಬೇರೆ ಸೈರನ್ ಎಲ್ಲಿತ್ತು, ಗಣಿಯದ್ದೇ. ಪಾಳಿ ಬದಲಾಗುವ ಹೊತ್ತು ಬಿಟ್ಟು ಅದು ಕೂಗಿತೆಂದರೆ ಕೆಳಗೆ ಬಂಡೆ ಸಿಡಿದಿದೆ, ಯಾರೋ ಸಿಕ್ಕಿಕೊಂಡಿದ್ದಾರೆ ಎಂದೇ ಲೆಕ್ಕ. ಹುಟ್ಟಿದಾಗಿನಿಂದ ಅದನ್ನೇ ಕೇಳಿ ಬೆಳೆದವರು ನಾವು.

ಬುಧವಾರ ಕೆಲಸ ಮುಗಿಸಿ ಬಂದು, ಮಗಳನ್ನು ಕರೆತರುವ ಮುಂಚೆ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದೆ. ಸೈರನ್ ಕೂಗಿತು. ಕೊಡ ಎಲ್ಲಿ ಬಿತ್ತೋ... ಗಣಿ ಬಾಯಿಯ ಕಡೆ ಓಡಿದೆ. ಇಡೀ ಲೈನು ಓಡಿತು. ಗುಂಡಿಯ ಕಡೆ ಒಂದು ನರಪಿಳ್ಳೆಯೂ ಹೋಗಲಿಲ್ಲ. ಗೇಟಿನ ಕಾವಲುಗಾರ ನಮ್ಮನ್ನು ನೋಡಿ ನಕ್ಕುಬಿಟ್ಟ. ತಿರುಗಿ ನೋಡಿದರೆ, ಅಯ್ಯೋ ದೇವರೇ, ಪಕ್ಕದಲ್ಲೇ ಅಕ್ಕ, ಗಂಜಿ ಸೌಟು ಇನ್ನೂ ಕೈಯಲ್ಲಿ. ಅವಳ ಗಂಡ ಆ ಪಾಳಿಯಲ್ಲಿ ಕೆಳಗಿದ್ದ.

“ನಂಗೊತ್ತಿತ್ತು ಕಣಮ್ಮಿ... ನಾನೇ ಅಲ್ವಾ ನಿಮ್ಗೆಲ್ಲ ಏಳಿದ್ದು... ಕಾಲು ಕೇಳ್ಲಿಲ್ಲ” ಎಂದಳು.

ವಾಪಸು ಬಂದಾಗ ಮಕ್ಕಳೆಲ್ಲ ಅಳುತ್ತಿದ್ದವು. ಗಂಜಿ ಪಾತ್ರೆ ಉರುಳಿತ್ತು. ನನ್ನ ಮಗಳ ಎಡಗಾಲು ಬೆಂದಿತ್ತು.

ಕೋಣೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಇನ್ನೊಂದು ಸಲ ಕಲಿಸಿ ಎಂದು ಹೇಳಿ ಸುಮ್ಮನಾದರು. ಮೂರು ದಿನ ಬಿಟ್ಟು ಅಕ್ಕ ನಮ್ಮ ಬಾಗಿಲಿಗೆ ಬಂದಳು.

“ನಾಳೆ ಪಾಪಾನ ಕಳಿಸ್ತೀಯಾ?”

“ನೋಡಾನ ಅಕ್ಕ” ಎಂದೆ. ಕಳಿಸಲಿಲ್ಲ. ನನ್ನನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ನಿಲ್ಲಿಸಿದರು. ಹತ್ತು ದಿನ ಅವಳು ಬಾಗಿಲು ತೆಗೆದು, ಗಂಜಿ ಕಾಯಿಸಿಕೊಂಡು ಕೂತಿದ್ದಳು. ಆಮೇಲೆ ಬೀಗದಕೈಯನ್ನು ತಾನೇ ಕೊಟ್ಟುಬಂದಳು. ನನಗೆ ಏನೂ ಅನ್ನಿಸಲಿಲ್ಲ. ಯುದ್ಧ ನಿಂತಿತು. ಮಗಳನ್ನು ಬಂಗಲೆಯ ಹಿಂದಿನ ಮೆಟ್ಟಿಲ ಮೇಲೆ ಕೂರಿಸಿ ಪಾತ್ರೆ ತಿಕ್ಕಿದೆ.

ಅಕ್ಕ, ಅವಳ ಗಂಡ ಮನೆ ಬಿಟ್ಟು ಬಂಗಾರಪೇಟೆಗೆ ಹೋದರು. ಒಮ್ಮೆ ಅಲ್ಲಿನ ಸ್ಟೇಷನ್ನಿನಲ್ಲಿ ಸಿಕ್ಕಳು. ಊಟ ಆಯಿತಾ ಎಂದೂ ಕೇಳದೆ, “ಪಾಪಾ ಕಾಲು ಎಂಗೈತೆ?” ಎಂದಳು. ಚೆನ್ನಾಗಿದೆ ಎಂದೆ, ರೈಲು ಬಂತು... ಅಕ್ಕ ತೀರಿಕೊಂಡ ಸುದ್ದಿ ಯಾರೋ ಹೇಳಿದಾಗ ಅಕ್ಕಿ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ.

“ಮಕ್ಕಳನ್ನ ಬಿಟ್ಟು ಓಡಿಹೋದ್ರಲ್ಲ, ಆ ಅಕ್ಕಾನೇ ಅಲ್ವಾ?” ಎಂದು ಮಗಳು ಕಾಲಿನ ಕಲೆ ಸವರುತ್ತಾ ಈಗಲೂ ಕೇಳುತ್ತಾಳೆ. ಹೌದು ಅನ್ನುತ್ತೇನೆ. ಅಕ್ಕನ ಗಂಡ ಕೆಳಗಿದ್ದ, ಓಡಿದಳು. ನನ್ನ ಗಂಡ ರಾತ್ರಿಪಾಳಿ ಮುಗಿಸಿ ಮನೆಯಲ್ಲಿ ಮಲಗಿದ್ದ. ಆದರೂ ನಾನು ಓಡಿದ್ದೆ, ಬಾಲವಾಡಿಯ ಬಾಗಿಲ ಮುಂದೆಯೇ ಹಾದು. ಇದನ್ನು ಅಕ್ಕನಿಗೆ ಹೇಳಲಿಲ್ಲ. ಮಗಳಿಗೂ ಹೇಳಿಲ್ಲ.