ಮೊದಲು ಊರ ಬೋರ್ಡು

ಅವರ ಎಡಗೈ ಗಡಿಯಾರದ ಮುಖ ಯಾವಾಗಲೂ ಒಳಗಡೆಗೆ, ನಾಡಿ ಹಿಡಿಯುವ ಜಾಗಕ್ಕೆ ತಿರುಗಿರುತ್ತಿತ್ತು. ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ, ಕರಿ ಬೆಲ್ಟು. ಸಂದರ್ಶನಕ್ಕೆ ಕೂತಾಗ ಆ ಕೈಯನ್ನು ಹಾಳೆಗಳ ಮೇಲೆ ಅಂಗಾತ ಇಟ್ಟುಕೊಳ್ಳುತ್ತಿದ್ದರು. ಅವರು ಟೈಮು ನೋಡುವುದು ಎದುರಿಗೆ ಕೂತವರಿಗೆ ಗೊತ್ತಾಗುತ್ತಿರಲಿಲ್ಲ, ಕ್ಯಾಮೆರಾದ ಹಿಂದೆ ನಿಂತ ನನಗೆ ಮಾತ್ರ ಗೊತ್ತಾಗುತ್ತಿತ್ತು. ಯಾಕೆ ಹೀಗೆ ಅಂತ ಒಂದು ದಿನ ಕೇಳಿದೆ. "ಮಾತಾಡೋರ ಎದುರಿಗೆ ಗಡಿಯಾರ ನೋಡಿದ್ರೆ ಎದ್ದೋಗಿ ಅಂದಂಗೆ ಕಣಪ್ಪಾ. ನಾವು ಕರೆಸಿರೋದು ಕೇಳೋಕೆ" ಅಂದರು.

ಹಾಸನದ ನಮ್ಮ ಕೇಬಲ್ ಚಾನೆಲ್ಲಿಗೆ ಅವರೇ ಸಂಪಾದಕಿ. ಸಂಜೆ ಏಳರ ವಾರ್ತೆ ಓದುತ್ತಿದ್ದವರೂ ಅವರೇ, ಶನಿವಾರದ ಚರ್ಚೆ ನಡೆಸುತ್ತಿದ್ದವರೂ ಅವರೇ. ನಾವು ಮೇಡಂ ಅನ್ನುತ್ತಿದ್ದೆವು. ಅರಕಲಗೂಡು, ಹೊಳೆನರಸೀಪುರದ ಕಡೆ ಜನ 'ನ್ಯೂಸ್ ಅಕ್ಕ' ಅನ್ನುತ್ತಿದ್ದರು. ಸಂತೆಗೆ ಹೋದರೆ ಸೊಪ್ಪು ಮಾರುವವರು ಸೊಪ್ಪು ಕೊಟ್ಟು, ಜೊತೆಗೆ ತಮ್ಮೂರಿನ ಚರಂಡಿಯ ಕಥೆಯನ್ನೂ ಹೇಳಿ ಕಳಿಸುತ್ತಿದ್ದರು.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅರಕಲಗೂಡಿನಲ್ಲಿ ಕಂಬ ಹತ್ತಿ ಕೇಬಲ್ ಎಳೆಯುತ್ತಿದ್ದೆ. ಆಮೇಲೆ ಮದುವೆ ವಿಡಿಯೋ ತೆಗೆಯುವುದು ಕಲಿತೆ. ಯಾರೂ ಕಲಿಸಲಿಲ್ಲ, ನೋಡಿ ನೋಡಿ ಕಲಿತೆ. ನನ್ನ ಕೆಲಸದಲ್ಲಿ ಇನ್ನೊಬ್ಬರು ಹುಳುಕು ತೆಗೆದರೆ ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಚಾನೆಲ್ಲಿಗೆ ಸೇರಿದ ಹೊಸದರಲ್ಲಿ ಒಂದು ರಸ್ತೆ ಕಿತ್ತುಹೋದದ್ದನ್ನು ತೆಗೆದುಕೊಂಡು ಬಂದು ಜಂಬದಿಂದ ತೋರಿಸಿದೆ. ಗುಂಡಿಯೊಳಗಿನ ನೀರಿನಲ್ಲಿ ಆಕಾಶ ಕಾಣುವ ಹಾಗೆ ತೆಗೆದಿದ್ದೆ.

"ಚೆನ್ನಾಗಿದೆ. ಯಾವೂರು?"

"ಮಲ್ಲಿಪಟ್ಟಣದ ಹತ್ರ ಮೇಡಂ."

"ಅದು ನಿಂಗೊತ್ತು. ನೋಡೋರಿಗೆ ಹೆಂಗೊತ್ತಾಗ್ಬೇಕು? ಗುಂಡಿ ಎಲ್ಲಾ ಊರಲ್ಲೂ ಇದಾವೆ. ಮೊದ್ಲು ಊರ ಬೋರ್ಡು ತೋರ್ಸು, ಅಲ್ಲಿಂದ ಕ್ಯಾಮೆರಾ ನಿಲ್ಲಿಸ್ದೆ ನಡ್ಕೊಂಡೋಗಿ ಗುಂಡಿ ತೋರ್ಸು. ಮಧ್ಯದಲ್ಲಿ ಕಟ್ ಮಾಡ್ದೆ ಅಂದ್ರೆ ನಾನು ಹಾಕಲ್ಲ."

ಹಾಕಲಿಲ್ಲ. ಮಾರನೇ ದಿನ ಮತ್ತೆ ಹೋಗಿ ಬೋರ್ಡಿನಿಂದ ತೆಗೆದುಕೊಂಡು ಬಂದೆ. ಅಂದಿನಿಂದ ಅದೇ ನಮ್ಮ ಚಾನೆಲ್ಲಿನ ಕಟ್ಟಳೆ ಆಯಿತು. ಬೇರೆ ಚಾನೆಲ್ಲಿನ ಕ್ಯಾಮೆರಾದವರು ನನ್ನನ್ನು ಕಂಡರೆ "ಬಂದ ಕಣ್ಲಾ ಬೋರ್ಡು" ಅಂತ ರೇಗಿಸುತ್ತಿದ್ದರು.

ಅವರ ಕೆಲಸದ ರೀತಿಯೇ ಹಾಗೆ. ಪ್ರಶ್ನೆ ಒಂದು ಉಸಿರಿಗಿಂತ ಉದ್ದ ಇರಬಾರದು. "ಪ್ರಶ್ನೆ ಉದ್ದ ಆದ್ರೆ ಉತ್ತರ ಅದ್ರೊಳಗೇ ಬಚ್ಚಿಟ್ಕೋತದೆ" ಅನ್ನುತ್ತಿದ್ದರು. ಕೇಳಿ ಸುಮ್ಮನೆ ಕೂತುಬಿಡುತ್ತಿದ್ದರು. ಆ ಮೌನ ತಡೆಯಲಾರದೆ ಎಷ್ಟೋ ಜನ ಹೇಳಬಾರದ್ದನ್ನೂ ಹೇಳಿಬಿಡುತ್ತಿದ್ದರು. ಚರ್ಚೆಯಲ್ಲಿ ಇಬ್ಬರು ಕೂಗಾಡಿದರೆ ಇಬ್ಬರ ಮೈಕನ್ನೂ ಆಫ್ ಮಾಡಿಸಿ, ಲೋಟದಲ್ಲಿದ್ದ ನೀರು ಕುಡಿದು, "ಹೊರಗಡೆ ಏನೂ ಕೇಳಿಸ್ತಿಲ್ಲ. ಮುಗಿದ್ಮೇಲೆ ಹೇಳಿ, ಆನ್ ಮಾಡಿಸ್ತೀನಿ" ಅನ್ನುತ್ತಿದ್ದರು. ಬಂದವರಿಗೆ ಕಾಫಿ ಕೊಡುತ್ತಿದ್ದದ್ದು ಸಂದರ್ಶನ ಮುಗಿದ ಮೇಲೆಯೇ. ಮೊದಲೇ ಜೊತೆಯಲ್ಲಿ ಕೂತು ಕಾಫಿ ಕುಡಿದರೆ ತಮಗೇ ದಾಕ್ಷಿಣ್ಯ ಹತ್ತಿಬಿಡುತ್ತದೆ ಅನ್ನುವುದು ಅವರ ಭಯ.

ಇನ್ನೊಂದು ಪದ್ಧತಿ ಇತ್ತು. ವಾರ್ತೆಯಲ್ಲಿ ತಪ್ಪು ಹೋದರೆ ಮಾರನೇ ದಿನದ ವಾರ್ತೆಯ ಮೊದಲಿಗೇ ಅದನ್ನು ಹೇಳುತ್ತಿದ್ದರು. ತಪ್ಪು ಎಷ್ಟು ಸಲ ಪ್ರಸಾರ ಆಗಿತ್ತೋ ತಿದ್ದುಪಡಿಯೂ ಅಷ್ಟೇ ಸಲ. ಸತ್ತವರ ಇನಿಶಿಯಲ್ ತಪ್ಪಿದರೂ ಬಿಡುತ್ತಿರಲಿಲ್ಲ.

ಈಗ ನಾನು ಬರೆಯಲೇಬೇಕಾದ ಮಾತಿಗೆ ಬರುತ್ತೇನೆ.

ಹೊಳೆನರಸೀಪುರ ತಾಲ್ಲೂಕಿನ ಮುಖಂಡರೊಬ್ಬರು ಒಂದು ಭಾಷಣದಲ್ಲಿ, ಹಳೇಕೋಟೆ ಹೋಬಳಿಯ ಫಿಲ್ಟರ್ ನೀರಿನ ಘಟಕಗಳೆಲ್ಲ ಸರಿಯಾಗಿ ನಡೆಯುತ್ತಿವೆ, ಒಂದೂ ನಿಂತಿಲ್ಲ ಅಂದಿದ್ದರು. ನಿಂತಿವೆ ಅಂತ ಜನ ನಮಗೆ ಫೋನು ಮಾಡುತ್ತಿದ್ದರು. ಆ ಶನಿವಾರದ ಚರ್ಚೆಗೆ ಮುಖಂಡರೇ ಬರಲು ಒಪ್ಪಿದರು. ಜನ ಹೇಳಿದ ಆರು ಊರಿನ ಪಟ್ಟಿ ಕೊಟ್ಟು ಮೇಡಂ ನನ್ನನ್ನು ಕಳಿಸಿದರು.

ಐದು ಊರಿನಲ್ಲಿ ನಿಜವಾಗಿಯೂ ಘಟಕ ಕೆಟ್ಟಿತ್ತು. ಬೋರ್ಡಿನಿಂದ ಹಿಡಿದು ತುಕ್ಕು ಹಿಡಿದ ನಲ್ಲಿಯವರೆಗೆ ಒಂದೇ ಶಾಟಿನಲ್ಲಿ ತೆಗೆದೆ. ಆರನೆಯ ಊರಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನ. ಹೊಟ್ಟೆ ಹಸಿದಿತ್ತು. ಘಟಕಕ್ಕೆ ಬೀಗ ಹಾಕಿತ್ತು. ಪಕ್ಕದ ಕಟ್ಟೆಯ ಮೇಲೆ ಕೂತಿದ್ದವನೊಬ್ಬ "ಅದಾ? ಕೆಟ್ಟು ಯಾವ ಕಾಲಾಯ್ತು, ಓಗಣ್ಣ" ಅಂದ. ನಂಬಿದೆ. ಬೋರ್ಡಿನ ಚಿತ್ರ ತೆಗೆದೆ, ಬೀಗದ ಚಿತ್ರ ತೆಗೆದೆ. ಒಳಗಿನ ನಲ್ಲಿ ಕಾಣುತ್ತಿರಲಿಲ್ಲ. ಆಫೀಸಿಗೆ ಬಂದು ಐದನೆಯ ಊರಿನ ತುಕ್ಕು ನಲ್ಲಿಯನ್ನು ಇದಕ್ಕೆ ಜೋಡಿಸಿದೆ. ಜೋಡಿಸಿದ್ದು ಕಾಣದ ಹಾಗೆ ಜೋಡಿಸುವುದು ಮದುವೆ ವಿಡಿಯೋದವನಿಗೆ ಕಷ್ಟವೇ?

"ಆರೂ ಒಂದೇ ಶಾಟಾ?" ಅಂತ ಮೇಡಂ ಕೇಳಿದರು.

"ಹೂಂ ಮೇಡಂ" ಅಂದೆ. ಇಲ್ಲ ಅಂದರೆ ಮತ್ತೆ ಹೋಗಿ ಬಾ ಅನ್ನುತ್ತಾರೆ, ನನ್ನಂಥವನಿಗೆ ಎರಡನೇ ಸಲ ಹೇಳಿಸಿಕೊಳ್ಳುವುದೇ ಅಂತ.

ಚರ್ಚೆ ನೇರ ಪ್ರಸಾರ. ಮುಖಂಡರು ಹಿಂಬಾಲಕರ ಜೊತೆ ಬಂದು ಕೂತರು.

"ಸರ್, ಹಳೇಕೋಟೆ ಹೋಬಳೀಲಿ ನೀರಿನ ಘಟಕ ಒಂದೂ ನಿಂತಿಲ್ಲ ಅಂದಿದ್ರಿ. ಈಗಲೂ ಅದೇ ಮಾತಾ?"

"ಅದೇ ಮಾತು ತಾಯಿ. ನಾನು ಒಂದು ಮಾತು ಅಂದ್ರೆ ಅಂದಂಗೇಯ."

"ಹಾಗಾದ್ರೆ ಇದನ್ನ ನೋಡಿ."

ಒಂದೊಂದೇ ಊರು ಬಂತು. ಮೊದಲ ಐದಕ್ಕೆ ಅವರ ಮುಖ ಇಳಿಯುತ್ತಾ ಹೋಯಿತು. ಆರನೆಯದು ಬಂದಾಗ ಅವರು ಮುಂದಕ್ಕೆ ಬಾಗಿ ನೋಡಿದರು, ಹಿಂಬಾಲಕನ ಕಡೆ ತಿರುಗಿ ಏನೋ ಅಂದರು. ಅವನು ಆ ಊರಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ನನ್ನ ಕ್ಯಾಮೆರಾಕ್ಕೇ ಹಿಡಿದ. ಫೋನಿನಲ್ಲಿ ಅದೇ ಬೋರ್ಡು, ಬೀಗ ತೆಗೆದ ಅದೇ ಬಾಗಿಲು. ಹೆಂಗಸೊಬ್ಬಳು ಕ್ಯಾನಿಗೆ ನೀರು ಹಿಡಿಯುತ್ತಿದ್ದಳು. ನಲ್ಲಿ ಫಳಫಳ ಹೊಳೆಯುತ್ತಿತ್ತು.

"ನೋಡ್ರಪ್ಪಾ ನ್ಯೂಸ್ ಅಕ್ಕನ ನ್ಯೂಸು!" ಮುಖಂಡರು ತೊಡೆ ತಟ್ಟಿ ನಕ್ಕರು. "ಇದೊಂದು ಸುಳ್ಳಾದ್ಮೇಲೆ ಮಿಕ್ಕಿದ್ದ ಯಾವನ್ ನಂಬ್ತಾನೆ ತಾಯಿ?"

ಮೇಡಂ ತಲೆಯೆತ್ತಿ ಕ್ಯಾಮೆರಾ ನೋಡಿದರು. ನೋಡುವವರಿಗೆ ಅದು ತಮ್ಮನ್ನು ನೋಡಿದಂತೆ ಕಂಡಿರಬೇಕು. ಅವರು ನೋಡಿದ್ದು ನನ್ನನ್ನು. ನಾನು ಕಣ್ಣನ್ನು ವ್ಯೂಫೈಂಡರಿಗೆ ಒತ್ತಿಕೊಂಡು ನಿಂತಿದ್ದೆ, ಅಲ್ಲಾಡಲಿಲ್ಲ.

"ಆರನೇದು ತಪ್ಪು. ಅದು ನಮ್ಮ ಚಾನೆಲ್ಲಿನ ತಪ್ಪು" ಅಂದರು. ದನಿ ಏರಲಿಲ್ಲ, ಇಳಿಯಲಿಲ್ಲ. "ಆ ಊರಿನೋರಿಗೆ, ನಿಮಗೆ, ನೋಡ್ತಿರೋರಿಗೆ ಕ್ಷಮೆ ಕೇಳ್ತೀನಿ. ಇನ್ನು ಮಿಕ್ಕ ಐದು ಯಾವತ್ತು ನಡೀತವೆ ಸರ್?"

"ಮೊದ್ಲು ನಿಮ್ಮನೆ ಗುಡಿಸ್ಕಳಿ ತಾಯಿ."

"ಗುಡಿಸ್ತೀನಿ ಸರ್. ಐದು ಯಾವತ್ತು?"

ಮುಖಂಡರು ಕಾಲರಿನ ಮೈಕು ಕಿತ್ತು ಮೇಜಿನ ಮೇಲೆ ಬಿಸಾಕಿ ಎದ್ದು ಹೋದರು. ಅವರಿಗಾಗಿ ತರಿಸಿದ್ದ ಕಾಫಿ ಹೊರಗಡೆ ತಣ್ಣಗಾಯಿತು.

ಮಾರನೇ ದಿನ ಬೆಳಿಗ್ಗೆ ಚಾನೆಲ್ ಮಾಲೀಕರು ಬಂದರು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಕ್ಯಾಮೆರಾದವನು ಮಾಡಿದ ತಪ್ಪು, ಅವನ್ನ ತೆಗೆದಾಕಿದೀವಿ ಅಂತ ಓದ್ಬಿಡಿ ಮೇಡಂ. ಮರ್ಯಾದೆ ಉಳೀತದೆ."

"ಯಾರ ಮರ್ಯಾದೆ ಸರ್? ಚಿತ್ರ ತಂದೋನು ಅವನು. ನೋಡಿ ಒಪ್ಪಿದೋಳು ನಾನು. ತೆಗೆಯೋದಾದ್ರೆ ನನ್ನಿಂದ ಶುರು ಮಾಡಿ."

ಮಾಲೀಕರು ನನ್ನನ್ನು ಒಂದು ಸಲ ನೋಡಿ ಹೊರಟುಹೋದರು. ಆಮೇಲೆ ಕೋಣೆಯಲ್ಲಿ ನಾವಿಬ್ಬರೇ.

"ಒಂದೇ ಶಾಟಾ ಅಂತ ಕೇಳಿದ್ದೆ."

"ಕೇಳಿದ್ರಿ ಮೇಡಂ."

"ಹೂಂ ಅಂದೆ."

"ಅಂದೆ."

ಬೈಯಲಿ ಅಂತ ಕಾದೆ. ಬೈದಿದ್ದರೆ ನಾನೂ ಎರಡು ಮಾತಾಡಿ, ಕ್ಯಾಮೆರಾ ಮೇಜಿನ ಮೇಲಿಟ್ಟು ಹೋಗಿಬಿಡುತ್ತಿದ್ದೆನೇನೋ. "ಈಗಿನ ಬಸ್ಸಿಗೇ ಹೊರಡು. ಆ ಊರಿಗೋಗಣ" ಅಂದರು, ಅಷ್ಟೆ.

ಊರಿಗೆ ಹೋದರೆ ಘಟಕದ ಬಾಗಿಲು ತೆಗೆದಿತ್ತು. ಅದನ್ನು ನಡೆಸುತ್ತಿದ್ದವಳು ಫೋನಿನಲ್ಲಿ ಕಂಡ ಅದೇ ಹೆಂಗಸು, ಮಹಿಳಾ ಸಂಘದವಳು. ಸೊಂಟದ ಮೇಲೆ ಮಗು. ಕೆಟ್ಟುಹೋಗಿದ್ದ ಘಟಕವನ್ನು ಪಂಚಾಯಿತಿಗೆ ಅಲೆದಲೆದು ರಿಪೇರಿ ಮಾಡಿಸಿದ್ದವಳೂ ಅವಳೇ ಅಂತ ಆಮೇಲೆ ತಿಳಿಯಿತು. ಕಟ್ಟೆಯ ಮೇಲಿನವನಿಗೆ ಅದು ಗೊತ್ತೇ ಇರಲಿಲ್ಲ, ಅವನು ಪರವೂರಿನವನು.

"ಏನವ್ವಾ, ನಮ್ಮಿಂದ ನಿಂಗೆ ತೊಂದ್ರೆ ಆಯ್ತು" ಅಂದರು ಮೇಡಂ.

"ತೊಂದ್ರೆನಾ? ಟೀವೀಲಿ ತೋರ್ಸಿದ್ದೇ ತಡ, ನೀನು ನಮಗೆ ತುಕ್ಕು ನೀರು ಕುಡುಸ್ತಿದ್ದೀಯ ಅಂತ ಊರೆಂಗುಸ್ರು ಬಿಂದಿಗೆ ವಾಪಸ್ ತಗಂಡೋದ್ರು ಕಣಕ್ಕಾ. ಅಷ್ಟು ಒದ್ದಾಡಿ ಸರಿ ಮಾಡ್ಸಿದ್ದು ಇದುಕ್ಕಾ?"

ಮೇಡಂ ನನ್ನ ಕಡೆ ತಿರುಗಲಿಲ್ಲ. ಸುಮ್ಮನಿದ್ದರು. ಎದುರಿನವರಿಂದ ಮಾತು ಹೊರಡಿಸುವ ಆ ಮೌನ ನನಗೆ ಚೆನ್ನಾಗಿ ಗೊತ್ತಿತ್ತು.

"ತೆಗೆದೋನು ನಾನೇ ಕಣವ್ವ" ಅಂದೆ. "ಬೀಗ ಆಕಿತ್ತು. ಬೇರೆ ಊರಿನ ನಲ್ಲಿ ತಂದು ಸೇರಿಸ್ದೆ. ತಪ್ಪಾಯ್ತು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನಾ? ಅವತ್ತು ಮಗಿಗೆ ಸೂಜಿ ಆಕ್ಸಕ್ಕೆ ಓಗಿದ್ದೆ ಕಣಣ್ಣ, ಅದುಕ್ಕೇ ಬೀಗ. ಆ ಎದುರುಗಡೆ ಮನೇಲಿ ಒಂದು ಮಾತು ಕೇಳಿದ್ರೆ ಬೀಗದ ಕೈಯೇ ಕೊಡೋರು. ಕೇಳಕ್ಕೆ ಬಾಯಿ ಇರ್ಲಿಲ್ವಾ?"

ಇಪ್ಪತ್ತು ಹೆಜ್ಜೆ. ಆ ಎದುರು ಮನೆ ಇಪ್ಪತ್ತು ಹೆಜ್ಜೆ ದೂರ ಇತ್ತು.

ಮೇಡಂ ಹೇಳುವ ಮೊದಲೇ ನಾನು ಊರ ಬೋರ್ಡಿನ ಹತ್ತಿರ ನಡೆದೆ. ಅಲ್ಲಿಂದ ಕ್ಯಾಮೆರಾ ನಿಲ್ಲಿಸದೆ ಬಂದು, ಅವಳನ್ನು, ನಲ್ಲಿಯನ್ನು, ತುಂಬುತ್ತಿದ್ದ ಬಿಂದಿಗೆಯನ್ನು ತೆಗೆದೆ. ರಾತ್ರಿ, ಬೆಳಿಗ್ಗೆಯ ಮರುಪ್ರಸಾರವೂ ಸೇರಿ ಆ ಚರ್ಚೆ ಮೂರು ಸಲ ಪ್ರಸಾರವಾಗಿತ್ತು. ಮೂರು ದಿನ ಏಳರ ವಾರ್ತೆ ಆ ನಲ್ಲಿಯಿಂದಲೇ ಶುರುವಾಯಿತು. "ನಮ್ಮಿಂದ ತಪ್ಪಾಗಿದೆ" ಅಂತ ಮೇಡಂ ನೆಟ್ಟಗೆ ಕೂತು ಓದಿದರು. ಆ 'ನಮ್ಮಿಂದ' ಅನ್ನುವುದರೊಳಗೆ ನಾನಿದ್ದೆ. ನನ್ನ ಹೆಸರು ಅವರು ಯಾವತ್ತೂ ಹೇಳಲಿಲ್ಲ.

ಮುಖಂಡರ ಕಡೆಯವರು ನಮ್ಮ ಚರ್ಚೆಗೆ ಬರುವುದನ್ನೇ ನಿಲ್ಲಿಸಿದರು. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕ್ಯಾಮೆರಾ ಕಂಡು "ಇವತ್ತು ಯಾವೂರ ನಲ್ಲಿ ತಂದು ಯಾವೂರಿಗೆ ಆಕ್ತೀಯಣ್ಣ?" ಅಂದವರಿದ್ದರು. ಮೇಡಂ ಮಾತ್ರ ಪ್ರತಿ ಶನಿವಾರ ಚರ್ಚೆಗೆ ಮೊದಲು ಒಂದೇ ವಾಕ್ಯ ಹೇಳುತ್ತಿದ್ದರು: "ಹಳೇಕೋಟೆ ಹೋಬಳಿಯ ಐದು ನೀರಿನ ಘಟಕ ಇವತ್ತಿಗೂ ಮುಚ್ಚಿವೆ." ಹೇಳುವ ಮುಂಚೆ ಆ ಐದೂ ಊರಿಗೆ ಪ್ರತಿ ವಾರ ಫೋನು. ಸ್ವಲ್ಪ ಕಾಲಕ್ಕೆ ಅದು ನಾಲ್ಕಾಯಿತು, ಆಮೇಲೆ ಎರಡು. ಒಂದೊಂದು ನಡೆದಾಗಲೂ ಹೋಗಿ ಬೋರ್ಡಿನಿಂದ ತೆಗೆದುಕೊಂಡು ಬಂದವನು ನಾನು. ಕೊನೆಯ ಎರಡು ಅವರು ಕೆಲಸ ಬಿಡುವವರೆಗೂ ಎರಡಾಗಿಯೇ ಉಳಿದವು.

ಕಿಡ್ನಿ ತೊಂದರೆ ಶುರುವಾಗಿ ಅವರು ಚಾನೆಲ್ ಬಿಟ್ಟು ಶಾಂತಿಗ್ರಾಮದಲ್ಲಿ ತಮ್ಮನ ಮನೆ ಸೇರಿದರು. ಅದೇ ಅವರ ಹುಟ್ಟೂರು. ನೋಡಲು ಹೋದಾಗಲೆಲ್ಲ ಗಡಿಯಾರ ಅದೇ ಕೈಯಲ್ಲಿ, ಮುಖ ಒಳಗಡೆಗೆ. ಕೈ ಸಣ್ಣಗಾಗಿ ಬೆಲ್ಟಿಗೆ ಹೊಸ ತೂತು ಬಿದ್ದಿತ್ತು. ಸುದ್ದಿ ಚಾನೆಲ್ಲುಗಳ ಕೂಗಾಟ ಬಂದರೆ ಅಲ್ಲೂ ದನಿ ಆಫ್ ಮಾಡಿಬಿಡುತ್ತಿದ್ದರು. "ನೋಡು, ಯಾರೂ ಯಾರಿಗೂ ಉತ್ತರ ಕೇಳ್ತಿಲ್ಲ" ಅನ್ನುತ್ತಿದ್ದರು.

ಹೋದ ವರ್ಷ ತೀರಿಕೊಂಡರು. ಅಂದು ಸಂಜೆ ಏಳರ ವಾರ್ತೆಯಲ್ಲಿ ನಮ್ಮ ಚಾನೆಲ್ ಒಳ್ಳೆಯ ಮಾತುಗಳನ್ನೇ ಹೇಳಿತು. 'ನೇರ, ನಿಷ್ಠುರ' ಅಂದಿತು. 'ಚನ್ನರಾಯಪಟ್ಟಣದವರಾದ' ಅಂದಿತು.

ಅವರ ತಮ್ಮ ಫೋನು ಮಾಡಿದ. "ಅಲ್ಲಣ್ಣ, ನಮ್ಮಕ್ಕ ಶಾಂತಿಗ್ರಾಮದೋಳು ಅಂತ ನಿಮ್ಮೋರ್ಗೇ ಗೊತ್ತಿಲ್ವಾ?"

ಮಾರನೇ ದಿನ ಹೊಸ ಸಂಪಾದಕರ ಹತ್ತಿರ ಹೋದೆ. ಒಳ್ಳೆಯ ಹುಡುಗರೇ, ಓದಿದವರು. "ಅದೇ ರೋಡು ತಾನೆ ಅಣ್ಣಾ, ಏನು ಮಹಾ ವ್ಯತ್ಯಾಸ? ಬೇಕಾದ್ರೆ ಕೊನೇಲಿ ಒಂದು ಸಾಲು ಹಾಕಣ ಬಿಡಿ" ಅಂದರು.

"ಕೊನೇಲಲ್ಲ ಸಾರ್. ಮೊದ್ಲು."

"ಚಿತ್ರ ಬೇಕಲ್ಲಣ್ಣ ಅದಕ್ಕೆ?"

"ತಂದಿದೀನಿ."

"ಓದೋದು ಯಾರು?"

"ನಾನೇ ಓದ್ತೀನಿ" ಅಂದೆ. ಅವರು ನನ್ನ ಮುಖ ನೋಡಿದರು. ಬೇಡ ಅನ್ನಲಿಲ್ಲ.

ಏಳನೇ ಕ್ಲಾಸಿನವನ ಓದು, ಎರಡು ಕಡೆ ತಡವರಿಸಿತು. ಆದರೂ ಓದಿದೆ. "ನಿನ್ನೆಯ ವಾರ್ತೆಯಲ್ಲಿ ನಮ್ಮಿಂದ ತಪ್ಪಾಗಿದೆ." ಆ ಆರನೆಯ ನಲ್ಲಿಯನ್ನು ಜೋಡಿಸಿದ ಕೈ ನನ್ನದು ಅನ್ನುವುದನ್ನು ಅಂದು ಹೇಳಲಿಲ್ಲ, ಅದು ಅವರ ದಿನ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ನನ್ನ ದನಿಯ ಹಿಂದೆ ಚಿತ್ರ ಓಡುತ್ತಿತ್ತು. ಹೆದ್ದಾರಿ ಪಕ್ಕದ ಶಾಂತಿಗ್ರಾಮದ ಬೋರ್ಡು. ಅಲ್ಲಿಂದ ಒಳಕ್ಕೆ ತಿರುಗಿ, ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರನ್ನು ದಾಟಿ, ಬೀದಿ ನಲ್ಲಿ ದಾಟಿ, ಅವರ ಮನೆಯ ಜಗಲಿಯವರೆಗೆ. ಜಗಲಿಯ ಮೇಲೆ ಅವರ ಫೋಟೋ, ಮುಂದೆ ದೀಪ. ಶಾಟು ತುಂಬಾ ಉದ್ದವಾಯಿತು ಅಂತ ಆಮೇಲೆ ಆಫೀಸಿನಲ್ಲಿ ಅಂದರು. ಆಗಿರಬಹುದು. ಬೋರ್ಡಿನಿಂದ ಅವರ ಮನೆಗೆ ಅಷ್ಟು ದೂರ ಇದೆ. ನಡುವೆ ಎಲ್ಲೂ ಕಟ್ ಮಾಡಿಲ್ಲ.