ಕೆ.ಆರ್. ಪೇಟೆಯ ಬ್ಯಾಟರಿ, ನಾಗಮಂಗಲದ ಧಾರೆ

ನಾವು ಶ್ರೀರಂಗಪಟ್ಟಣ ಬಿಟ್ಟಾಗ ಕೋಟೆಯೊಳಗಿನ ಬೀದಿಗಳಲ್ಲಿ ಇನ್ನೂ ಮಂಜಿತ್ತು. ತೊಂಬತ್ತರ ದಶಕದ ನಡುವಿನ ಒಂದು ಮಾಘ ಮಾಸ. ಕಾರಿನಲ್ಲಿದ್ದವರು ಇಬ್ಬರೇ: ಸ್ಟೇರಿಂಗ್ ಹಿಡಿದ ನಾನು, ಪಕ್ಕದಲ್ಲಿ ನನ್ನ ಅವ್ವ. ಹೋಗಬೇಕಾಗಿದ್ದುದು ನಾಗಮಂಗಲಕ್ಕೆ. ಅಲ್ಲಿ ಅಂದು ಹನ್ನೊಂದೂವರೆಗೆ ನನ್ನ ತಂಗಿ ಸಾವಿತ್ರಿಯ ಧಾರೆ.

ನಾವಿಬ್ಬರೂ ಹೀಗೆ ಒಟ್ಟಿಗೆ ಹೊರಟದ್ದೇ ನನಗೆ ಸೋಜಿಗವಾಗಿತ್ತು. ಸಾವಿತ್ರಿ ನಾಗಮಂಗಲದಲ್ಲಿ ನರ್ಸ್ ಆಗಿದ್ದಳು. ಅವಳು ಮೆಚ್ಚಿದ ಶಿವಣ್ಣ ಹೈಸ್ಕೂಲು ಮೇಷ್ಟರು. ಹೆಂಡತಿ ತೀರಿಹೋಗಿದ್ದಳು, ಒಂದನೇ ಕ್ಲಾಸಿಗೆ ಹೋಗುವ ಮಗಳಿದ್ದಳು. "ಎರಡ್ನೇ ಸಂಬಂಧಕ್ಕೆ ನಾನು ಮಗಳ್ನ ಕೊಡಾಕಿಲ್ಲ. ಇವ್ಳು ಓಗಿ ಯಾರ್ದೋ ಮಗೀಗೆ ಜಡೆ ಆಕ್ಕೊಂಡು ಕೂತ್ಕೋಬೇಕಾ?" ಎಂದು ಅವ್ವ ಹಠ ಹಿಡಿದಿದ್ದಳು. ಅಪ್ಪ ಇರಲಿಲ್ಲ. ನನ್ನ ಯಜಮಾನರೇ ಹಿಂದಿನ ದಿನ ಹೋಗಿ ಮದುವೆಯ ಏರ್ಪಾಡು ನೋಡಿಕೊಳ್ಳುತ್ತಿದ್ದರು. ನಾನು ಮೊದಲ ಬಸ್ಸಿಗೆ ಹೋಗುವವಳು, ಹೇಳಿ ಹೋಗೋಣವೆಂದು ಅವ್ವನ ಮನೆಗೆ ಬಂದೆ. ನೋಡಿದರೆ ಅವಳು ರೇಷ್ಮೆ ಸೀರೆ ಉಟ್ಟು ಕಾರಿನ ಬಾಗಿಲಿಗೆ ಕೈಯಿಟ್ಟು ನಿಂತಿದ್ದಾಳೆ!

"ಬಸ್ಸು ಬ್ಯಾಡ, ಕಾರು ತೆಗಿ ಸರೋಜಿ. ಕೆ.ಆರ್. ಪೇಟೇಲಿ ನಿಮ್ಮ ಮಾವುನ್ನೂ ಕರ್ಕೊಂಡೇ ಓಗಣ. ಸೋದರಮಾವ ಇಲ್ದೆ ಅದ್ಯಾವ ಮದ್ವೆ?"

ಮನಸ್ಸು ಹೇಗೆ ತಿರುಗಿತೆಂದು ನಾನು ಕೇಳಲಿಲ್ಲ. ಕೇಳಿದರೆ ಮತ್ತೆ ತಿರುಗಿಬಿಟ್ಟೀತೆಂಬ ಭಯ.

ಅಪ್ಪನ ಹಳೇ ಬಿಳಿ ಕಾರು. ಡ್ರೈವಿಂಗ್ ಕಲಿತ ಮೇಲೆ ನಾನದನ್ನು ಮೈಸೂರಿನಿಂದಾಚೆ ಓಡಿಸಿರಲಿಲ್ಲ. ಬೀಗದ ಕೈ ತಿರುಗಿಸಿದಾಗ ಮುದುಕರು ಕೆಮ್ಮುವ ಹಾಗೆ ಎರಡು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಸ್ಟಾರ್ಟಾಯಿತು. ಚಳಿಗೆ ಹೀಗಾಗುತ್ತದೆಂದುಕೊಂಡೆ.

ಪಾಂಡವಪುರ ಸೇರುವ ಮುಂಚೆಯೇ ನಿಜ ಗೊತ್ತಾಯಿತು. ರೈಲ್ವೇ ಗೇಟು ಹಾಕಿತ್ತು. ಕಬ್ಬಿನ ಗಾಡಿಗಳ ಹಿಂದೆ ನಿಂತು ಸ್ವಲ್ಪ ಹೊತ್ತಾಗಿತ್ತು ಅಷ್ಟೆ, ಎಂಜಿನ್ನು ನಡುಗಿ ನಡುಗಿ ತಣ್ಣಗಾಯಿತು. ಬೀಗದ ಕೈ ತಿರುಗಿಸಿದರೆ 'ಟಿಕ್' ಎಂಬ ಒಂದು ಸದ್ದು, ಮತ್ತೇನೂ ಇಲ್ಲ. ಹಾರನ್ ಒತ್ತಿದೆ, ಅದೂ ಇಲ್ಲ. ರೈಲು ಹೋಯಿತು, ಗೇಟು ತೆಗೆಯಿತು, ಹಿಂದಿನವರು ಕೂಗಾಡತೊಡಗಿದರು.

ಮುಂದಿನ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ರೈತನೊಬ್ಬ ಇಳಿದು ಬಂದ. ಟವೆಲ್ಲು ತಲೆಗೆ ಬಿಗಿದುಕೊಂಡು, "ಬ್ಯಾಟ್ರಿ ಓಗದೆ ಕಣಕ್ಕ. ಸೆಕೆಂಡ್ ಗೇರ್‌ಗೆ ಆಕ್ಕೊಂಡು ಕ್ಲಚ್ ತುಳ್ಕೊಂಡು ಕೂತ್ಕೊಳಿ. ನಾನು ಊಂ ಅಂದೇಟ್ಗೆ ಬುಡಿ," ಎಂದ. ಇನ್ನೂ ಮೂರು ಜನ ಬಂದರು. ತಳ್ಳಿದರು. ಅವನು "ಊಂ" ಎಂದ, ನಾನು ಕ್ಲಚ್ ಬಿಟ್ಟೆ, ಕಾರು ಒಮ್ಮೆ ಮುಗ್ಗರಿಸಿ ಗುರ್ರೆಂದಿತು. ಅವನು ಪಕ್ಕದಲ್ಲೇ ಓಡಿಬಂದು ಕೇಳಿದ: "ಎಲ್ಗೋಯ್ತಾ ಇದೀರವ್ವ ಇಷ್ಟು ಬೆಳಿಗ್ಗೆ?"

ಅವ್ವ ರಸ್ತೆಯನ್ನೇ ನೋಡುತ್ತ, "ನೆಂಟ್ರ ಮನೆಗೆ ಕಣಪ್ಪ," ಎಂದಳು.

"ಆಫ್ ಆಗಾಕೆ ಬುಡ್ಬೇಡಿ, ಆಕ್ಸಿಲೇಟ್ರು ಕೊಡ್ತಾನೇ ಇರಿ. ಇಲ್ಲಿ ಬ್ಯಾಟ್ರಿ ಅಂಗಡಿ ಇನ್ನೂ ತೆಗ್ದಿರಾಕಿಲ್ಲ. ಕೆ.ಆರ್. ಪೇಟೆಗೆ ಓಗ್ಬುಡಿ!" ಎಂದು ಕೂಗಿ ಅವನು ಹಿಂದುಳಿದ. ಅವನ ಹೆಸರನ್ನೂ ಕೇಳಿಕೊಳ್ಳಲಾಗಲಿಲ್ಲ. ನಿಲ್ಲಿಸುವ ಹಾಗಿರಲಿಲ್ಲವಲ್ಲ!

ಪಾಂಡವಪುರದ ಪೇಟೆಬೀದಿಯನ್ನು ನಾನು ಉಸಿರು ಬಿಗಿಹಿಡಿದು ದಾಟಿದೆ. ಬಿಸಿ ಇಡ್ಲಿಯ ವಾಸನೆ ಬಂತು. ಇಬ್ಬರಿಗೂ ಹಸಿವು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, "ನಡಿ ನಡಿ" ಎಂದಳು. ಎರಡೂ ಕಡೆ ಕಬ್ಬಿನ ಗದ್ದೆ, ನಾಲೆಯ ನೀರು, ಆಲೆಮನೆಗಳ ಹೊಗೆ. ಬಿಸಿಲು ಏರುತ್ತಿತ್ತು. ಚಿನಕುರಳಿ ದಾಟಿ ಒಂದಿಷ್ಟು ದೂರ ಬಂದಿದ್ದೆವು. ಕುರಿಮಂದೆಯೊಂದು ರಸ್ತೆಗೆ ನುಗ್ಗಿತು. ಬ್ರೇಕ್ ಒತ್ತಿದೆ. ಕ್ಲಚ್ ಮರೆತೆ. ಮತ್ತೆ ಆ 'ಟಿಕ್'.

ಈ ಸಲ ಸುತ್ತ ಯಾರೂ ಇಲ್ಲ. ಕುರಿ ಕಾಯುವವನು ಮಂದೆ ಹೊಡೆದುಕೊಂಡು ಹೋದ. ಅವ್ವ ಕೆಳಗಿಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಬ್ಬಳೇ ಹಿಂದಿನಿಂದ ತಳ್ಳತೊಡಗಿದಳು. ಕಾರು ಒಂದಿಂಚೂ ಅಲ್ಲಾಡಲಿಲ್ಲ. "ಅವ್ವಾ, ಬುಡವ್ವ," ಎಂದು ನಾನೂ ಇಳಿದು ಹೋದೆ. ಅವಳ ಕಣ್ಣಲ್ಲಿ ನೀರಿತ್ತು. "ನಾನು ಮೊದ್ಲೇ ಒಪ್ಕೊಂಡು ಎಲ್ರ ಜೊತೇಲಿ ಓಗಿದ್ರೆ ಇಂಗಾಯ್ತಿತ್ತಾ?" ಎಂದಳು.

ಅಷ್ಟರಲ್ಲಿ ಹಿಂದಿನಿಂದ ಕೆ.ಆರ್. ಪೇಟೆಯ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ಬಗ್ಗಿ ನೋಡಿದವರು ಒಳಗೆ ತಿರುಗಿ, "ಇಳೀರಪ್ಪೋ, ಒಂದೇಟು ತಳ್ಬುಟ್ಟು ಬರಣ," ಎಂದರು. ಗಂಡಸರು ಇಳಿದರು. ಅವರ ಹಿಂದೆ ಹೂವಿನ ಕುಕ್ಕೆ ಹೊತ್ತ ಒಬ್ಬ ಹೆಂಗಸೂ ಇಳಿದಳು. ಪೇಟೆಯಲ್ಲಿ ಹೂ ಮಾರುವವಳಂತೆ.

"ಎಲ್ಗವ್ವ ಓಗ್ಬೇಕು?" ಎಂದು ಅವಳು ಅವ್ವನನ್ನು ಕೇಳಿದಳು.

"ಮದ್ವೆಗೆ."

"ಯಾರ್ದು?"

ಅವ್ವ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ ಹೊದ್ದುಕೊಂಡಳು. ಆಮೇಲೆ ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದಳು: "ನನ್ನ ಮಗಳ್ದು."

"ಅಯ್ಯೋ ನನ್ನವ್ವ! ಅಲ್ಲಿ ಮಗಳ ಧಾರೆ, ಇಲ್ಲಿ ತಾಯಿ ಕಾರು ತಳ್ತಾವ್ಳೆ! ತಳ್ರಲಾ ಜೋರಾಗಿ, ಏನ್ ನೋಡ್ತಾ ನಿಂತಿದೀರಿ?"

ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಮದುವೆ ಗೊತ್ತಾದಂದಿನಿಂದ ನಾನು ಕಾಣದಿದ್ದ ನಗು ಅದು. ಕಾರು ಸ್ಟಾರ್ಟಾಯಿತು. ಅವ್ವ ಹತ್ತುವಾಗ ಆ ಹೆಂಗಸು ಕುಕ್ಕೆಯಿಂದ ಕನಕಾಂಬರದ ಒಂದು ದೊಡ್ಡ ಕುಚ್ಚನ್ನು ಎತ್ತಿ ಕಿಟಕಿಯೊಳಗೆ ಹಾಕಿದಳು. "ಕೂಸಿಗೆ ಮುಡ್ಸವ್ವ. ಒಳ್ಳೇದಾಗ್ಲಿ," ಎಂದಳು.

ಕೆ.ಆರ್. ಪೇಟೆಯಲ್ಲಿ ಮಾವನ ಮನೆ ಬಸ್‌ಸ್ಟ್ಯಾಂಡಿಗೆ ಹತ್ತಿರ. ನನ್ನ ಮಾವ ತಮ್ಮಯ್ಯ, ಅವ್ವನ ತಮ್ಮ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಎಂಜಿನ್ನು ಆರಿಸದೆ ಬಾಗಿಲಲ್ಲಿ ಕಾರು ನಿಲ್ಲಿಸಿದಾಗ ಅವನು ಬಿಳಿ ಅಂಗಿ ತೊಟ್ಟು, ಜರಿ ಪಂಚೆ ಉಟ್ಟು ಜಗುಲಿಯ ಮೇಲೆ ಸುಮ್ಮನೆ ಕೂತಿದ್ದ. ಅವ್ವನನ್ನು ಕಂಡವನೇ ಎದ್ದು ನಿಂತ.

"ಬಂದ್ಯಾ ಅಕ್ಕ? ನೀನು ಬರಾಕಿಲ್ಲ ಅಂದ್ಮೇಲೆ ನಾನೆಂಗೆ ಓಗ್ಲಿ? ಓಗ್ದೆ ಎಂಗಿರ್ಲಿ? ಬಟ್ಟೆ ಆಕ್ಕೊಂಡು ಕುಂತಿದ್ದೆ ಕಣಕ್ಕ," ಎಂದು ಅತ್ತೇಬಿಟ್ಟ.

ಅವನೇ ನಮ್ಮನ್ನು ಬ್ಯಾಟರಿ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯ ಇಮಾಮ್ ಸಾಬರು ಆಗಷ್ಟೇ ಬಾಗಿಲು ತೆಗೆದು ನೀರು ಚಿಮುಕಿಸುತ್ತಿದ್ದರು. ಬಾನೆಟ್ಟು ಎತ್ತಿ ನೋಡಿದರು, ಮುಚ್ಚಳ ಬಿಚ್ಚಿ ನೋಡಿದರು, ತಲೆಯಾಡಿಸಿದರು. "ಒಳಗೆ ಪ್ಲೇಟು ಉದುರ್ಬುಟ್ಟದೆ ಅಮ್ಮಾ. ಹೊಸದೇ ಹಾಕ್ಬೇಕು. ಆದ್ರೆ ಹೊಸದಕ್ಕೆ ಆಸಿಡ್ ತುಂಬಿ ಚಾರ್ಜಿಗೆ ಇಟ್ರೆ ಸಾಯಂಕಾಲ ಆಗ್ತದೆ."

ಹತ್ತು ಗಂಟೆ ಹತ್ತಿರ ಬಂದಿತ್ತು. ನಾಗಮಂಗಲ ಅಲ್ಲಿಂದ ಒಂದು ಗಂಟೆಯ ದಾರಿ. ಹೀಗೇ ತಳ್ಳಿಸಿಕೊಂಡು ಹೋಗೋಣವೆಂದೆ. "ಆ ಕಡೆ ಏರಿನ ರಸ್ತೆ, ಮಧ್ಯ ನಿಂತ್ರೆ ಯಾರೂ ಸಿಗಲ್ಲ," ಎಂದರು ಸಾಬರು. ಅವ್ವ ಅವರ ಮುಂದೆ ಬಂದು ನಿಂತಳು.

"ನನ್ನ ಮಗಳ ಮದ್ವೆ ಸಾಬ್ರೆ. ನಾನು ಬರಾಕಿಲ್ಲ ಅಂದಿದ್ದೆ. ಅವ್ಳು ಈಗ ನಾನಿಲ್ಲ ಅಂತ್ಲೇ ಹಸೆಮಣೆ ಮೇಲೆ ಕೂತಿರ್ತಾಳೆ."

ಸಾಬರು ಇನ್ನೊಂದು ಮಾತು ಕೇಳಲಿಲ್ಲ. ಅಂಗಡಿಯ ಪಕ್ಕ ಅವರದೇ ವ್ಯಾನು ನಿಂತಿತ್ತು. ಸ್ಪ್ಯಾನರು ತೆಗೆದುಕೊಂಡು ಹೋಗಿ ಅದರ ಬ್ಯಾಟರಿಯನ್ನು ಬಿಚ್ಚಿದರು. ಮಾವ ನಮ್ಮ ಸತ್ತ ಬ್ಯಾಟರಿಯನ್ನು ಎತ್ತಿ ಕೆಳಗಿಟ್ಟ. ವ್ಯಾನಿನದು ಸ್ವಲ್ಪ ಉದ್ದ. ಒಂದು ಮರದ ತುಂಡು ಕೊಟ್ಟು, ಸೈಕಲ್ ಟ್ಯೂಬಿನಿಂದ ಬಿಗಿದು, ತಂತಿಗಳ ತುದಿಯನ್ನು ಉಜ್ಜಿ ಹೊಳೆಯಿಸಿ, ಮೊದಲು ಪ್ಲಸ್ಸು, ಆಮೇಲೆ ಮೈನಸ್ಸು ಕೂಡಿಸಿದರು. "ಹಾಕಿ ಅಮ್ಮಾ ಸ್ಟಾರ್ಟು."

ಒಂದೇ ತಿರುವಿಗೆ ಎಂಜಿನ್ನು ಕೂಗಿತು.

"ನಿಮ್ಮ ವ್ಯಾನು?" ಎಂದೆ.

"ಅದು ಇವತ್ತು ಮಲಗಿರ್ಲಿ ಬಿಡಿ. ನಿಮ್ಮ ಹೊಸದನ್ನ ನಾನು ಚಾರ್ಜಿಗೆ ಇಟ್ಟಿರ್ತೀನಿ. ಬರೋವಾಗ ಬದಲಾಯ್ಸಿದ್ರಾಯ್ತು. ಶಾದಿ ಕಾಯಲ್ಲ, ಹೋಗಿ!"

ಪರಿಚಯವಿಲ್ಲದ ಊರಿನವರು ನಾವು. ಅಷ್ಟು ನಂಬಿಕೆಗೆ ಕೈ ಮುಗಿದೆ. ಮಾವನ ಹೆಂಡತಿ ಹೊರಡುವಾಗ ಕೊಟ್ಟಿದ್ದ ಉಪ್ಪಿಟ್ಟನ್ನು ಅವ್ವ ದಾರಿಯಲ್ಲಿ ನನ್ನ ಬಾಯಿಗೆ ತುತ್ತು ಮಾಡಿ ಹಾಕಿದಳು. ರಾಗಿ ಕುಯ್ದ ಹೊಲಗಳು, ಬಂಡೆಗಳು, ಏರು, ಇಳಿಜಾರು. ದನ ಅಡ್ಡ ಬಂದಾಗಲೂ ನಾನು ಹೆದರಲಿಲ್ಲ.

ನಾಗಮಂಗಲದ ಛತ್ರದ ಮುಂದೆ ಕಾರು ನಿಲ್ಲಿಸುವಾಗ ಒಳಗೆ ವಾಲಗ ಜೋರಾಗಿತ್ತು. ಬಾಗಿಲಲ್ಲಿದ್ದ ನನ್ನ ಯಜಮಾನರು ಅವ್ವನನ್ನು ಕಂಡು ದಾರಿ ಬಿಟ್ಟರು. ಮಂಟಪದಲ್ಲಿ ಸಾವಿತ್ರಿ ತಲೆ ತಗ್ಗಿಸಿ ನಿಂತಿದ್ದಳು. ಯಾರೋ "ನಿಮ್ಮವ್ವ" ಎಂದಿರಬೇಕು. ಅವಳು ತಲೆಯೆತ್ತಿದಳು.

ಅವ್ವ ಕಂಬದ ಹತ್ತಿರವೇ ನಿಂತುಬಿಟ್ಟಳು. ಗಂಡನಿಲ್ಲದವಳು ಧಾರೆಗೆ ಮುಂದೆ ಹೋಗಬಾರದೆಂಬುದು ಅವಳ ಎಣಿಕೆ. ಶಿವಣ್ಣ ಮೇಷ್ಟರು ಹಸೆಯಿಂದ ಇಳಿದು ಬಂದರು. "ಅವ್ವಾ, ಮೊದ್ಲು ನಿಮ್ಮ ಕೈ. ನೀವು ಎರೀದೆ ನಂಗೆ ಈ ಮದ್ವೆ ಆದಂಗೇ ಅಲ್ಲ," ಎಂದರು. ಪುರೋಹಿತರು ಏನೋ ಅನ್ನಲು ಹೋದರು. ಮಾವ ಅವರ ಕಡೆ ಒಮ್ಮೆ ನೋಡಿದ, ಅವರು ಚೊಂಬನ್ನು ಅವ್ವನ ಕಡೆ ನೀಡಿದರು. ಅವ್ವ ಚೊಂಬು ಬಗ್ಗಿಸಿ ಎರೆದಳು. ಹಾಲು ಇಬ್ಬರ ಕೈಮೇಲೂ ಹರಿಯಿತು. ಆಮೇಲೆ ಅವಳು ಕನಕಾಂಬರವನ್ನು ಮಗಳ ಜಡೆಗೆ ತಾನೇ ಮುಡಿಸಿದಳು.

ಊಟಕ್ಕೆ ಕೂತಾಗ ಮೇಷ್ಟರ ಮಗಳು ಪುಟ್ಟ ಲಂಗ ಹಿಡಿದುಕೊಂಡು ಅವ್ವನ ಎದುರಿಗೆ ಬಂದು ನಿಂತಳು. "ನಿಮ್ಮನ್ನ ನಾನು ಏನಂತ ಕರೀಲಿ?" ಎಂದು ಕೇಳಿದಳು. ಅವ್ವ ಎಲೆಯ ಮೇಲಿನ ಕೈಯನ್ನು ಹಾಗೇ ಹಿಡಿದು ಅವಳ ಮುಖ ನೋಡಿದಳು. ಮಗುವಿನ ಒಂದು ಜಡೆ ಬಿಚ್ಚಿಹೋಗಿತ್ತು. ಅವ್ವ ಊಟ ಮುಗಿಸಿ, ಕೈ ತೊಳೆದುಕೊಂಡು ಬಂದು, ಅವಳನ್ನು ತೊಡೆಗೆ ಒರಗಿಸಿಕೊಂಡು ಜಡೆ ಹೆಣೆಯುತ್ತ ಕೂತಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ.

ಯಜಮಾನರು ಲೆಕ್ಕಾಚಾರ ಮುಗಿಸಿ ಮರುದಿನ ಬರುವುದೆಂದಾಯಿತು. ನಾವು ಮೂವರೂ ಬಿಸಿಲು ಇಳಿದ ಮೇಲೆ ಹೊರಟೆವು. ಕೆ.ಆರ್. ಪೇಟೆಯಲ್ಲಿ ಮಾವನನ್ನು ಮನೆಯ ಹತ್ತಿರ ಇಳಿಸಿ ಅಂಗಡಿಗೆ ಹೋದಾಗ ಸಾಬರು ಹೊಸ ಬ್ಯಾಟರಿಯನ್ನು ಸಿದ್ಧ ಮಾಡಿಟ್ಟಿದ್ದರು. ತಮ್ಮದನ್ನು ವ್ಯಾನಿಗೆ ಹಾಕಿಕೊಂಡು, ನಮ್ಮ ಹೊಸದನ್ನು ಕೂರಿಸಿ, ತುದಿಗಳಿಗೆ ಗ್ರೀಸು ಸವರಿದರು. ಅವ್ವ ಚಿರೋಟಿ, ಲಾಡುಗಳ ಪೊಟ್ಟಣವನ್ನು ಅವರ ಕೈಗಿಟ್ಟಳು.

"ಹೊತ್ತಿಗೆ ಸರಿಯಾಗಿ ಹೋದ್ರಾ ಅಮ್ಮಾ? ಶಾದಿ ಚೆನ್ನಾಗಾಯ್ತಾ?"

"ಆಯ್ತು ಸಾಬ್ರೆ. ಅಳಿಯ ಒಳ್ಳೆಯವ್ನು," ಎಂದಳು ಅವ್ವ. ಕಾರು ಹತ್ತಿ ಬಾಗಿಲು ಹಾಕಿಕೊಂಡವಳು ಮತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿ ಹೇಳಿದಳು: "ನಂಗೊಬ್ಳು ಮೊಮ್ಮಗ್ಳೂ ಸಿಕ್ಕುದ್ಲು ಕಣ್ರೀ! ಅಜ್ಜಿ ಅನ್ನವ್ವ ಅಂದೆ, ಅಂದ್ಳು!"

ಸಾಬರು ಗ್ರೀಸಿನ ಕೈಯನ್ನೇ ಎತ್ತಿ ಬೀಸಿದರು. ಬಸ್‌ಸ್ಟ್ಯಾಂಡಿನ ತಿರುವು ಬರುವವರೆಗೂ ಅವ್ವ ಹಿಂದಕ್ಕೇ ನೋಡುತ್ತಿದ್ದಳು.